ರ್ಯಾಂಡಮ್ ಮ್ಯಾಟ್ರಿಕ್ಸ್‌ನ ಸ್ಪೆಕ್ಟ್ರಲ್ ನಾರ್ಮ್‌ಗೆ ಮೇಲ್ಮಿತಿ ಹಾಕುವ ಬಗೆ

ಸಾವಿರ ಅಡ್ಡಸಾಲು, ಸಾವಿರ ಕಂಬಸಾಲಿನ ಒಂದು ಮ್ಯಾಟ್ರಿಕ್ಸ್ ಇದೆ ಎನ್ನಿ. ಪ್ರತಿ ಅಂಶವೂ ಉಳಿದವುಗಳ ಹಂಗಿಲ್ಲದ ಗಾಸಿಯನ್ ಸಂಖ್ಯೆ. ಸರಾಸರಿ 0, ವೇರಿಯನ್ಸ್ 1. ಎಲ್ಲ ಅಂಶಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ, ಅಂದರೆ ಫ್ರೊಬೀನಿಯಸ್ ನಾರ್ಮ್ ಲೆಕ್ಕ ಹಾಕಿದರೆ, 1000ದ ಆಸುಪಾಸು ಬರುತ್ತದೆ. ಸ್ಪೆಕ್ಟ್ರಲ್ ನಾರ್ಮ್ (ಮ್ಯಾಟ್ರಿಕ್ಸ್ ಒಂದು ವೆಕ್ಟರನ್ನು ಹೆಚ್ಚೆಂದರೆ ಎಷ್ಟು ಪಟ್ಟು ಉದ್ದ ಮಾಡಬಲ್ಲದು ಎಂಬ ಅಳತೆ) ಅದಕ್ಕಿಂತ ಹೆಚ್ಚಿರಲಾರದು, ಹಾಗಾಗಿ 1000 ತಪ್ಪಿಲ್ಲದ ಮೇಲ್ಮಿತಿಯೇ. ಆದರೆ ನಿಜವಾದ ಬೆಲೆ 63. ಇಷ್ಟು ಸಡಿಲ ಮಿತಿಯನ್ನು ನಂಬಿ ಸ್ಯಾಂಪಲ್ ಎಷ್ಟು ಬೇಕೆಂದು ಲೆಕ್ಕ ಹಾಕಿದರೆ, ಆ ಲೆಕ್ಕದಲ್ಲಿ ನಾರ್ಮ್‌ನ ವರ್ಗ ಬರುವುದರಿಂದ, ಬೇಕಾದುದಕ್ಕಿಂತ 250 ಪಟ್ಟು ಹೆಚ್ಚು ಡೇಟಾ ಕೇಳಿದಂತಾಗುತ್ತದೆ.

ಮೇಲ್ಮಿತಿ ಕೊಡುವ ಅಸಮತೆಗಳು ಹತ್ತಾರಿವೆ. ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಹೆಸರು ನೋಡಿ ತೀರ್ಮಾನಿಸಬೇಡಿ. ಮೊದಲು ಕೆಳಮಿತಿ ಬರೆದಿಟ್ಟುಕೊಳ್ಳಿ, ಆಮೇಲೆ ಮೇಲ್ಮಿತಿ ಹುಡುಕಿ. ಎರಡರ ನಡುವಿನ ಅಂತರವೇ ಯಾವ ಸಾಧನ ಎಲ್ಲಿ ಸೋರುತ್ತಿದೆ ಎಂದು ತೋರಿಸುತ್ತದೆ. ಅದಿಲ್ಲದೆ ನಡೆಸಿದ ಲೆಕ್ಕದಲ್ಲಿ ಬೇಡದ ಒಂದು ಲಾಗ್ ಗುಣಕ ಸುಮ್ಮನೆ ಉಳಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಬಳಸುವ ಗುರುತುಗಳು ಇಷ್ಟು. ಮ್ಯಾಟ್ರಿಕ್ಸ್ ಅ, ಅದರಲ್ಲಿ ಮ ಅಡ್ಡಸಾಲು, ನ ಕಂಬಸಾಲು. ಅಡ್ಡ–ಕಂಬ ಅದಲುಬದಲಾದರೆ ಅ′. ಉದ್ದ 1 ಇರುವ ವೆಕ್ಟರ್‌ಗಳು ಕ (ನ ಆಯಾಮ) ಮತ್ತು ಗ (ಮ ಆಯಾಮ). ಸ್ಪೆಕ್ಟ್ರಲ್ ನಾರ್ಮ್ ‖ಅ‖ ಎಂದರೆ ಎಲ್ಲ ಕ, ಗ ಜೋಡಿಗಳ ಮೇಲೆ ಗ′ಅಕ ತಲುಪುವ ಗರಿಷ್ಠ ಬೆಲೆ. ಅದೇ ಅತಿದೊಡ್ಡ ಸಿಂಗ್ಯುಲರ್ ಮೌಲ್ಯ. ಲಾಗ್ ಎಂದಲ್ಲೆಲ್ಲ ನೈಸರ್ಗಿಕ ಲಾಗರಿದಮ್, ಇ ಎಂದರೆ ಅದರ ಆಧಾರ ಸಂಖ್ಯೆ (ಸುಮಾರು 2.718).

ಮೊದಲು ಸರಾಸರಿ ಕಳೆಯಿರಿ

ಮುಂದಿನ ಎಲ್ಲ ಸೂತ್ರಗಳೂ ಅಂಶಗಳ ಸರಾಸರಿ 0 ಎಂದೇ ಹೊರಡುತ್ತವೆ. ಇದನ್ನು ಮರೆತರೆ ಏನಾಗುತ್ತದೆ ನೋಡಿ. 0ಯಿಂದ 1ರವರೆಗಿನ ಯೂನಿಫಾರ್ಮ್ ಸಂಖ್ಯೆಗಳಿಂದ 1000 × 1000 ಮ್ಯಾಟ್ರಿಕ್ಸ್ ತುಂಬಿ. ಪ್ರತಿ ಅಂಶದ ಸರಾಸರಿ 0.5. ಎಲ್ಲ ಅಂಶವೂ 0.5 ಇರುವ ಮ್ಯಾಟ್ರಿಕ್ಸ್‌ನ ರ್ಯಾಂಕ್ 1, ಅದರ ನಾರ್ಮ್ 0.5 × √(1000 × 1000) = 500. ಉಳಿದದ್ದು ಗದ್ದಲ, ಅದರ ಮಾನಕ ವಿಚಲನೆ 1/√12, ಅಂದರೆ 0.289, ನಾರ್ಮ್ ಸುಮಾರು 18.3. ಕಂಪ್ಯೂಟರ್‌ನಲ್ಲಿ ಸಿಂಗ್ಯುಲರ್ ಮೌಲ್ಯಗಳನ್ನು ತೆಗೆದರೆ ಮೊದಲನೆಯದು 500ರ ಹತ್ತಿರ, ಎರಡನೆಯದು ಒಮ್ಮೆಲೇ 18ಕ್ಕೆ ಬೀಳುತ್ತದೆ. ಹಾಗೆ ಬಿದ್ದದ್ದು ಕಂಡರೆ ಸರಾಸರಿ ಕಳೆದಿಲ್ಲ ಎಂದೇ ಲೆಕ್ಕ. 1ರಿಂದ 5ರವರೆಗಿನ ರೇಟಿಂಗ್, ಪಿಕ್ಸೆಲ್ ಬೆಲೆ, ಪದಗಳ ಎಣಿಕೆ ಮುಂತಾದ ಎಂದೂ ಋಣವಾಗದ ಡೇಟಾದಲ್ಲಿ ಇದು ದಿನನಿತ್ಯದ ಎಡವಟ್ಟು.

ನಿಜವಾದ ಸರಾಸರಿ ಗೊತ್ತಿಲ್ಲದಿದ್ದರೆ ಪ್ರತಿ ಕಂಬಸಾಲಿನಿಂದ ಅದರದೇ ಸ್ಯಾಂಪಲ್ ಸರಾಸರಿ ಕಳೆಯಬಹುದು. ಹಾಗೆ ಕಳೆಯುವುದು ಎಡದಿಂದ ಒಂದು ಪ್ರೊಜೆಕ್ಷನ್ ಗುಣಿಸಿದ ಹಾಗೆ, ಮತ್ತು ಪ್ರೊಜೆಕ್ಷನ್ ಗದ್ದಲದ ನಾರ್ಮನ್ನು ಹೆಚ್ಚಿಸಲಾರದು. ಆದ್ದರಿಂದ ಗದ್ದಲಕ್ಕೆ ಹಾಕಿದ ಮೇಲ್ಮಿತಿ ಹಾಗೇ ನಿಲ್ಲುತ್ತದೆ.

ಸ್ವಾತಂತ್ರ್ಯವನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ. 500 ಅಡ್ಡಸಾಲುಗಳನ್ನು ನಕಲು ಮಾಡಿ 1000 ಮಾಡಿಕೊಂಡ ಡೇಟಾಗೆ 63 ಅನ್ವಯಿಸುವುದಿಲ್ಲ. ಅಲ್ಲಿ ನಾರ್ಮ್ √2 × (√500 + √1000), ಅಂದರೆ 76. ಪ್ರತಿ ಸಾಲೂ ಹತ್ತು ಸಲ ಬಂದಿದ್ದರೆ √10 ಪಟ್ಟು ಏರುತ್ತದೆ. ಡೂಪ್ಲಿಕೇಟ್ ಸಾಲುಗಳನ್ನು ತೆಗೆದೇ ಮುಂದುವರಿಯಿರಿ.

ಕೆಳಮಿತಿ: ಖರ್ಚಿಲ್ಲದ ಮೂರು ಸಂಖ್ಯೆ

ಯಾವ ಮ್ಯಾಟ್ರಿಕ್ಸ್‌ಗೇ ಆಗಲಿ, ‖ಅ‖ ಅದರ ಯಾವುದೇ ಅಡ್ಡಸಾಲಿನ ಉದ್ದಕ್ಕಿಂತ ಕಡಿಮೆ ಇರಲಾರದು, ಯಾವುದೇ ಕಂಬಸಾಲಿನ ಉದ್ದಕ್ಕಿಂತ ಕಡಿಮೆ ಇರಲಾರದು, ಯಾವುದೇ ಒಂಟಿ ಅಂಶಕ್ಕಿಂತಲೂ ಕಡಿಮೆ ಇರಲಾರದು. ಈ ಮೂರನ್ನೂ ಡೇಟಾದಿಂದ ನೇರ ಓದಬಹುದು; ಅಥವಾ ವೇರಿಯನ್ಸ್‌ಗಳು ಗೊತ್ತಿದ್ದರೆ ಕಾಗದದ ಮೇಲೇ ಅಂದಾಜಿಸಬಹುದು.

ನಮ್ಮ ಗಾಸಿಯನ್ ಉದಾಹರಣೆಯಲ್ಲಿ ಅಡ್ಡಸಾಲಿನ ಉದ್ದ √1000, ಅಂದರೆ 31.6. ನಿಜವಾದ ಬೆಲೆ 63, ಸರಿಯಾಗಿ ಎರಡು ಪಟ್ಟು. ಇದು ಕಾಕತಾಳೀಯವಲ್ಲ. ಎಲ್ಲ ಅಂಶಗಳೂ ಒಂದೇ ವಿತರಣೆಯಿಂದ ಸ್ವತಂತ್ರವಾಗಿ ಬಂದಿದ್ದು ಸರಾಸರಿ 0 ಆಗಿದ್ದರೆ, ‖ಅ‖ದ ನಿರೀಕ್ಷಿತ ಮೌಲ್ಯ ಅತಿ ಉದ್ದದ ಅಡ್ಡಸಾಲು ಮತ್ತು ಅತಿ ಉದ್ದದ ಕಂಬಸಾಲುಗಳ ನಿರೀಕ್ಷಿತ ಉದ್ದದ ಮೊತ್ತಕ್ಕೆ ಒಂದು ಸ್ಥಿರಾಂಕದೊಳಗೇ ಇರುತ್ತದೆ ಎಂದು ಸೆಜಿನರ್ 2000ದಲ್ಲಿ ತೋರಿಸಿದರು. ಒಂದೇ ವಿತರಣೆ ಇದ್ದಲ್ಲಿ ಈ ಸುಲಭದ ಕೆಳಮಿತಿಯೇ ಸರಿಯಾದ ಅಳತೆಗೋಲು. ನಿಮ್ಮ ಮೇಲ್ಮಿತಿ ಅದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿದ್ದರೆ ತಪ್ಪು ಮ್ಯಾಟ್ರಿಕ್ಸ್‌ನದ್ದಲ್ಲ, ವಿಧಾನದ್ದು.

ಗಾಸಿಯನ್ ಅಂಶಗಳಾದರೆ: √ಮ + √ನ

ಇಲ್ಲಿ ಸೂತ್ರ ಚಿಕ್ಕದು, ಸ್ಥಿರಾಂಕಗಳೂ ಸ್ವಚ್ಛ. ‖ಅ‖ದ ನಿರೀಕ್ಷಿತ ಮೌಲ್ಯ √ಮ + √ನ ಮೀರುವುದಿಲ್ಲ. ಅದಕ್ಕಿಂತ ಟ ಅಷ್ಟು ಹೆಚ್ಚು ಬರುವ ಸಂಭವನೀಯತೆ ಇ^(−ಟ²/2)ಗಿಂತ ಹೆಚ್ಚಿಲ್ಲ. ಹತ್ತು ಲಕ್ಷದಲ್ಲಿ ಒಂದು ಸಲ ಮಾತ್ರ ಕೈಕೊಡಬಹುದು ಎಂಬ ಭರವಸೆ ಬೇಕಿದ್ದರೆ ಟ = √(2 ಲಾಗ್ 10,00,000) = 5.26. ಹಾಗಾಗಿ 1000 × 1000ಕ್ಕೆ ಕೊಡುವ ಮಿತಿ 63.2 + 5.3 = 68.5. ಆಯಾಮ ಹತ್ತು ಪಟ್ಟಾದರೂ ಈ 5.26 ಬದಲಾಗುವುದಿಲ್ಲ, ಇದೇ ಈ ಮಿತಿಯ ಶಕ್ತಿ.

ಸಾಧನೆಯನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಗಾಸಿಯನ್ ಎಂಬ ಊಹೆ ಎಲ್ಲಿ ಬಳಕೆಯಾಯಿತು ಎಂಬುದು ಆಗಲೇ ಕಣ್ಣಿಗೆ ಬೀಳುವುದು. ಗ′ಅಕ ಎಂಬ ಪ್ರಕ್ರಿಯೆಯ ಪಕ್ಕದಲ್ಲಿ ಇನ್ನೊಂದನ್ನು ಇಡಿ: ಒಂದು ಗಾಸಿಯನ್ ವೆಕ್ಟರ್ ಪ (ನ ಆಯಾಮ), ಅದರ ಸಂಬಂಧವಿಲ್ಲದ ಇನ್ನೊಂದು ಬ (ಮ ಆಯಾಮ) ತೆಗೆದುಕೊಂಡು ಪ′ಕ + ಬ′ಗ. ಈಗ ಎರಡು ಬಿಂದುಗಳು (ಕ, ಗ) ಮತ್ತು (ಕ₁, ಗ₁) ಹಿಡಿಯಿರಿ. ಕ ಮತ್ತು ಕ₁ರ ಬಿಂದುಗುಣಲಬ್ಧ ಸ, ಗ ಮತ್ತು ಗ₁ರದ್ದು ಹ ಎಂದಿರಲಿ. ಮೊದಲ ಪ್ರಕ್ರಿಯೆಯ ವ್ಯತ್ಯಾಸದ ವೇರಿಯನ್ಸ್ 2 − 2ಸಹ. ಎರಡನೆಯದರದ್ದು 4 − 2ಸ − 2ಹ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 2(1 − ಸ)(1 − ಹ) ಉಳಿಯುತ್ತದೆ. ಸ, ಹ ಎರಡೂ 1ನ್ನು ಮೀರದ ಕಾರಣ ಇದು ಎಂದೂ ಋಣವಲ್ಲ. ಅಂದರೆ ಎರಡನೆಯ ಪ್ರಕ್ರಿಯೆ ಹೆಚ್ಚು ಹರಡಿಕೊಂಡಿದೆ. ಹೆಚ್ಚು ಹರಡಿದ ಗಾಸಿಯನ್ ಪ್ರಕ್ರಿಯೆಯ ಗರಿಷ್ಠದ ನಿರೀಕ್ಷೆಯೂ ಹೆಚ್ಚು ಎನ್ನುವುದು ಸ್ಲೆಪಿಯನ್ ಬಗೆಯ ಹೋಲಿಕೆ ಪ್ರಮೇಯ. ಎರಡನೆಯದರ ಗರಿಷ್ಠ ಎಂದರೆ ಪ ಮತ್ತು ಬಗಳ ಉದ್ದಗಳ ಮೊತ್ತ. ಅದರ ನಿರೀಕ್ಷೆ √ನ + √ಮ ಮೀರದು. ಕೆಲಸ ಮುಗಿಯಿತು.

ಟ ಬರುವುದು ಬೇರೆ ದಾರಿಯಿಂದ. ಎರಡು ಮ್ಯಾಟ್ರಿಕ್ಸ್‌ಗಳ ಸ್ಪೆಕ್ಟ್ರಲ್ ನಾರ್ಮ್‌ಗಳ ವ್ಯತ್ಯಾಸ ಅವುಗಳ ನಡುವಿನ ಫ್ರೊಬೀನಿಯಸ್ ದೂರವನ್ನು ಮೀರುವುದಿಲ್ಲ, ಹಾಗಾಗಿ ಗಾಸಿಯನ್ ಕಾನ್ಸಂಟ್ರೇಷನ್ (ಹೀಗೆ ಹಿಡಿತದಲ್ಲಿ ಬದಲಾಗುವ ಬೆಲೆ ತನ್ನ ಸರಾಸರಿಯಿಂದ ಹೆಚ್ಚು ದೂರ ಹೋಗದು ಎಂಬ ಫಲಿತಾಂಶ) ನೇರ ಅನ್ವಯಿಸುತ್ತದೆ. ಇಲ್ಲಿ ಕೆಲವರು ಬೌಂಡೆಡ್ ಡಿಫರೆನ್ಸ್ ಅಸಮತೆ ಹಚ್ಚಲು ಹೋಗುತ್ತಾರೆ. ಅಂಶಗಳು +1 ಅಥವಾ −1 ಇದ್ದಾಗ ಒಂದು ಅಂಶ ಬದಲಾದರೆ ನಾರ್ಮ್ ಹೆಚ್ಚೆಂದರೆ 2 ಬದಲಾಗಬಹುದು. ಅಂಥ ಹತ್ತು ಲಕ್ಷ ಅಂಶಗಳ ವರ್ಗ ಕೂಡಿಸಿ ಮೂಲ ತೆಗೆದರೆ ಏರಿಳಿತ ಸಾವಿರದ ಪ್ರಮಾಣದ್ದು ಎಂದು ಬರುತ್ತದೆ. 63ರ ಬೆಲೆಗೆ ಸಾವಿರದ ಏರಿಳಿತ! ಸೀಮಿತ ಅಂಶಗಳಿಗೆ ಬೇಕಾದದ್ದು ಟಾಲಗ್ರಾಂಡ್ ಅಸಮತೆ. ನಾರ್ಮ್ ಕಾನ್ವೆಕ್ಸ್ ಆದ್ದರಿಂದ ಅದು ಇಲ್ಲಿ ಒದಗುತ್ತದೆ ಮತ್ತು ಏರಿಳಿತವನ್ನು ಒಂದು ಸ್ಥಿರಾಂಕದೊಳಗೆ ಹಿಡಿಯುತ್ತದೆ.

ಇನ್ನೊಂದು ಮಾತು. ಈ ಟ ಸಹ ವಾಸ್ತವಕ್ಕಿಂತ ಉದಾರ. ಅತಿ ದೊಡ್ಡ ಸಿಂಗ್ಯುಲರ್ ಮೌಲ್ಯದ ಏರಿಳಿತವನ್ನು ವಿವರಿಸುವ ಟ್ರೇಸಿ–ವಿಡಮ್ ವಿತರಣೆಯಿಂದ ಲೆಕ್ಕ ಹಾಕಿದರೆ 1000 × 1000 ಗಾಸಿಯನ್ ನಾರ್ಮ್ ಸರಾಸರಿ 63.0 ಸುತ್ತ, ಸುಮಾರು 0.25 ಮಾನಕ ವಿಚಲನೆಯಲ್ಲಿ ಆಡುತ್ತದೆ. ಸಿಮ್ಯುಲೇಷನ್‌ನಲ್ಲಿ ಪ್ರತಿ ಸಲವೂ 62.5ರಿಂದ 63.7ರೊಳಗೆ ಸಂಖ್ಯೆ ಬಂದರೆ ಕೋಡ್ ಕೆಟ್ಟಿದೆ ಎಂದು ತಿಳಿಯಬೇಡಿ.

ನೆಟ್ ವಿಧಾನ: ಎಲ್ಲಿಗಾದರೂ ಒಗ್ಗುತ್ತದೆ, ಆದರೆ ಸಡಿಲ

ಅಂಶಗಳು ±1 ಇದ್ದರೆ ಮೇಲಿನ ಹೋಲಿಕೆ ಪ್ರಮೇಯ ಕೆಲಸಕ್ಕೆ ಬರದು. ಎಪ್ಸಿಲಾನ್-ನೆಟ್ ಬರುತ್ತದೆ. ಕ್ರಮ ಹೀಗೆ.

ಒಂದು, ನ ಆಯಾಮದ ಗೋಳದ ಮೇಲೆ ಯಾವ ಬಿಂದುವಿನಿಂದಲೂ ಎಪ್ಸಿಲಾನ್ ದೂರದೊಳಗೆ ಒಂದಾದರೂ ಸಿಗುವಂತೆ ಬಿಂದುಗಳನ್ನು ಇಡಿ. ಅಂಥ ಬಿಂದುಗಳು (1 + 2/ಎಪ್ಸಿಲಾನ್)ರ ನ-ನೆಯ ಘಾತದಷ್ಟು ಸಾಕು. ಮ ಆಯಾಮದ ಗೋಳಕ್ಕೂ ಹಾಗೇ. ಎರಡು, ಒಂದೊಂದು ಜೋಡಿಗೂ ಗ′ಅಕ ಬೆಲೆ ಉ ದಾಟುವ ಸಂಭವನೀಯತೆ ಇ^(−ಉ²/2) ಮೀರದು. ±1ಕ್ಕೂ ಗಾಸಿಯನ್‌ಗೂ ಇದು ಒಂದೇ. ಮೂರು, ಎಲ್ಲ ಜೋಡಿಗಳನ್ನೂ ಯೂನಿಯನ್ ಬೌಂಡ್‌ನಲ್ಲಿ (ಅವುಗಳ ಸಂಭವನೀಯತೆಗಳ ನೇರ ಮೊತ್ತದಲ್ಲಿ) ಕೂಡಿಸಿ. ನಾಲ್ಕು, ನೆಟ್ ಮೇಲಿನ ಗರಿಷ್ಠವನ್ನು 1/(1 − 2ಎಪ್ಸಿಲಾನ್)ನಿಂದ ಗುಣಿಸಿದರೆ ಪೂರ್ತಿ ನಾರ್ಮ್‌ಗೆ ಮಿತಿ.

ಎಪ್ಸಿಲಾನ್ 1/4 ಎಂದು ಹಿಡಿಯುವುದು ವಾಡಿಕೆ, 9ರ ಘಾತ ಬರುತ್ತದೆಂಬ ಒಂದೇ ಕಾರಣಕ್ಕೆ. ನಮ್ಮ 1000 × 1000ಕ್ಕೆ ಉ = √(2 × 2000 × ಲಾಗ್ 9) = 93.7, ಎರಡು ಪಟ್ಟು ಮಾಡಿದರೆ 187.5. ಎಪ್ಸಿಲಾನ್ 1/20 ಹಿಡಿದರೆ ನೆಟ್ 41ರ ಘಾತವಾಗಿ ಭಯಂಕರ ಬೆಳೆಯುತ್ತದೆ, ಆದರೆ ಬೆಳೆದದ್ದು ಲಾಗ್ ಒಳಗೆ ಅಡಗುತ್ತದೆ: ಉ = 121.9, ಗುಣಕ 1.11, ಮಿತಿ 135. ಎಪ್ಸಿಲಾನ್ ಬದಲಿಸಿದ್ದಕ್ಕೇ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. (ಯೂನಿಯನ್ ಬೌಂಡ್ ಇಲ್ಲಿ ಸರಿಯಾಗಿ 1ಕ್ಕೆ ನಿಂತಿದೆ, ಭರವಸೆ ಬೇಕಾದಷ್ಟು ಉ ಇನ್ನೂ ತುಸು ಏರಿಸಬೇಕು. ಹತ್ತು ಲಕ್ಷಕ್ಕೊಂದು ಎಂಬ ಮಟ್ಟಕ್ಕೂ ಉ 0.12ರಷ್ಟು ಏರಿದರೆ ಸಾಕು.) ಆದರೂ 63ಕ್ಕೆ ಇಳಿಯುವುದಿಲ್ಲ, ಪಕ್ಕಪಕ್ಕದ ಬಿಂದುಗಳಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಯೂನಿಯನ್ ಬೌಂಡ್ ಅವನ್ನು ಬೇರೆ ಬೇರೆ ಘಟನೆಗಳೆಂದೇ ಎಣಿಸುತ್ತದೆ. ಸರಿಯಾದ ಪ್ರಮಾಣ ಸಾಕು, ಸ್ಥಿರಾಂಕ ಬೇಡ ಎನ್ನುವಲ್ಲಿ ಮಾತ್ರ ನೆಟ್ ಬಳಸಿ.

ಅಂಶಗಳ ವೇರಿಯನ್ಸ್ ಒಂದೇ ಸಮ ಇಲ್ಲದಿದ್ದರೆ ನೆಟ್ ಇನ್ನೂ ಕೆಡುತ್ತದೆ. ಕರ್ಣದ ಮೇಲೆ ಮಾತ್ರ ಗಾಸಿಯನ್, ಉಳಿದದ್ದೆಲ್ಲ ಸೊನ್ನೆ ಇರುವ ಮ್ಯಾಟ್ರಿಕ್ಸ್‌ಗೂ ಅದು 135 ಎಂದೇ ಹೇಳುತ್ತದೆ. ಅಲ್ಲಿ ನಾರ್ಮ್ ಎಂದರೆ ಸಾವಿರ ಗಾಸಿಯನ್ ಸಂಖ್ಯೆಗಳಲ್ಲಿ ಅತಿ ದೊಡ್ಡದು, √(2 ಲಾಗ್ 2000) = 3.9ರ ಒಳಗೆ.

ವೇರಿಯನ್ಸ್ ಏರುಪೇರಾದಾಗ: ಲಾಗ್ ನಿಜವೋ ಸುಳ್ಳೋ

ಇದು ಇಡೀ ವಿಷಯದ ತಿರುಳು. ಸಮ್ಮಿತ ಮ್ಯಾಟ್ರಿಕ್ಸ್‌ನ ಪ್ರತಿ ಅಂಶವೂ ತನ್ನದೇ ಮಾನಕ ವಿಚಲನೆಯ ಗಾಸಿಯನ್ ಎಂದಿರಲಿ. ಎರಡು ಸಂಖ್ಯೆ ತೆಗೆಯಿರಿ. ಸಿಗ್ಮಾ: ಪ್ರತಿ ಅಡ್ಡಸಾಲಿನಲ್ಲಿ ವೇರಿಯನ್ಸ್‌ಗಳನ್ನು ಕೂಡಿಸಿ ಮೂಲ ತೆಗೆದು, ಅವುಗಳಲ್ಲಿ ಅತಿ ದೊಡ್ಡದು. ಸಿಗ್ಮಾ-ಚುಕ್ಕಿ: ಒಂಟಿ ಅಂಶಗಳ ಮಾನಕ ವಿಚಲನೆಗಳಲ್ಲಿ ಅತಿ ದೊಡ್ಡದು.

ಮ್ಯಾಟ್ರಿಕ್ಸ್ ಖಿಂಚಿನ್ ಅಸಮತೆಯ ಮಿತಿ ಸಿಗ್ಮಾ × √(2 ಲಾಗ್ 2ನ). ಇಲ್ಲಿ ಲಾಗ್ ಸಿಗ್ಮಾಕ್ಕೆ ಅಂಟಿಕೊಂಡಿದೆ. 2016ರಲ್ಲಿ ಬಂಡೇರಾ ಮತ್ತು ಫಾನ್ ಹ್ಯಾಂಡಲ್ ಪ್ರಕಟಿಸಿದ ಮಿತಿಯಲ್ಲಿ ಲಾಗ್ ಸಿಗ್ಮಾವನ್ನು ಬಿಟ್ಟು ಸಿಗ್ಮಾ-ಚುಕ್ಕಿಗೆ ಅಂಟುತ್ತದೆ: ನಿರೀಕ್ಷಿತ ನಾರ್ಮ್ (1 + ಎಪ್ಸಿಲಾನ್) × [2 ಸಿಗ್ಮಾ + 6/√ಲಾಗ್(1 + ಎಪ್ಸಿಲಾನ್) × ಸಿಗ್ಮಾ-ಚುಕ್ಕಿ × √ಲಾಗ್ ನ] ಮೀರದು. ಎಪ್ಸಿಲಾನ್ 0ಯಿಂದ 1/2ರೊಳಗೆ ನಿಮ್ಮ ಇಷ್ಟ.

ಹೊಸದು ಎಂದಾಕ್ಷಣ ಎಲ್ಲ ಕಡೆ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ನ = 10,000 ಇರುವ ಬ್ಯಾಂಡ್ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ; ಪ್ರತಿ ಅಡ್ಡಸಾಲಿನಲ್ಲಿ ಕರ್ಣದ ಆಚೀಚೆ ಸೇರಿ 101 ಅಂಶ ಮಾತ್ರ ವೇರಿಯನ್ಸ್ 1ರ ಗಾಸಿಯನ್, ಅಂಚಿನಲ್ಲಿ ಸುತ್ತಿಕೊಂಡು ಬರುತ್ತದೆ. ಸಿಗ್ಮಾ 10.05. ಖಿಂಚಿನ್ ಮಿತಿ √(2 × 101 × ಲಾಗ್ 20,000) = 44.7. ಹೊಸ ಮಿತಿಯಲ್ಲಿ ಎಪ್ಸಿಲಾನ್ 1/2 ಹಾಕಿದರೆ 1.5 × (20.1 + 28.6) = 73. ಹಳೆಯದೇ ವಾಸಿ! ಆ 6 ಎಂಬ ಸ್ಥಿರಾಂಕ ದುಬಾರಿ. ಈಗ ಬ್ಯಾಂಡ್ ಅಗಲವನ್ನು 2001ಕ್ಕೆ ಏರಿಸಿ. ಸಿಗ್ಮಾ 44.7. ಖಿಂಚಿನ್ ಕೊಡುವುದು 199. ಹೊಸ ಮಿತಿ ಎಪ್ಸಿಲಾನ್ 0.2ರಲ್ಲಿ 1.2 × (89.5 + 42.7) = 158.6. ಎಪ್ಸಿಲಾನನ್ನು ಕೈಯಿಂದ ಊಹಿಸದೆ 0.05ರಿಂದ 0.5ರವರೆಗೆ ಹತ್ತು ಬೆಲೆ ಓಡಿಸಿ ಕನಿಷ್ಠ ಆರಿಸಿ. ಸಂಖ್ಯೆ ಬೇಕಿದ್ದರೆ ಎರಡೂ ಮಿತಿ ಲೆಕ್ಕ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳಿ. ಪ್ರಮೇಯ ಬರೆಯುತ್ತಿದ್ದರೆ, ಸಿಗ್ಮಾ √ಲಾಗ್ ನಕ್ಕಿಂತ ಬಹಳ ದೊಡ್ಡದಿದ್ದಾಗ ಹೊಸದನ್ನೇ ಬಳಸಿ, ಅಲ್ಲಿ ಅದು 2 ಸಿಗ್ಮಾಗೆ ಇಳಿಯುತ್ತದೆ.

ಗಾಸಿಯನ್ ಅಲ್ಲದ, ಸ್ವತಂತ್ರವಾದ, ಸರಾಸರಿ 0 ಇರುವ ಅಂಶಗಳಿಗೆ ಲಾತಾವಾ 2005ರಲ್ಲಿ ಕೊಟ್ಟ ಮಿತಿ ಅನುಕೂಲ: ಅತಿ ದೊಡ್ಡ ಅಡ್ಡಸಾಲಿನ ವೇರಿಯನ್ಸ್ ಮೊತ್ತದ ಮೂಲ, ಕಂಬಸಾಲಿನದ್ದು, ಮತ್ತು ಎಲ್ಲ ಅಂಶಗಳ ನಾಲ್ಕನೆಯ ಘಾತದ ನಿರೀಕ್ಷೆಗಳನ್ನು ಕೂಡಿಸಿ ತೆಗೆದ ನಾಲ್ಕನೆಯ ಮೂಲ. ಮುಂದೆ ಒಂದು ಸಾರ್ವತ್ರಿಕ ಸ್ಥಿರಾಂಕ ಇರುತ್ತದೆ. ಲಾಗ್ ಇಲ್ಲವೇ ಇಲ್ಲ. ಆದರೆ ಕರ್ಣ ಮ್ಯಾಟ್ರಿಕ್ಸ್‌ಗೆ ಹಾಕಿ ನೋಡಿ: ಮೂರನೆಯ ಪದ 1000ದ ನಾಲ್ಕನೆಯ ಮೂಲದಂತೆ ಬೆಳೆಯುತ್ತದೆ, ನಿಜ ಬೆಲೆ √ಲಾಗ್‌ನಂತೆ. ತುಂಬಿದ ಮ್ಯಾಟ್ರಿಕ್ಸ್‌ಗೆ ಸೈ, ವಿರಳ ಮ್ಯಾಟ್ರಿಕ್ಸ್‌ಗೆ ಬೇಡ.

ಅಂಶಗಳಲ್ಲ, ಮ್ಯಾಟ್ರಿಕ್ಸ್‌ಗಳೇ ಸ್ವತಂತ್ರವಾದರೆ

ಹಲವು ಸ್ವತಂತ್ರ ಮ್ಯಾಟ್ರಿಕ್ಸ್‌ಗಳ ಮೊತ್ತಕ್ಕೆ ಟ್ರಾಪ್ 2012ರಲ್ಲಿ ಬಳಸಲು ಹದವಾದ ರೂಪ ಕೊಟ್ಟ ಮ್ಯಾಟ್ರಿಕ್ಸ್ ಬರ್ನ್‌ಸ್ಟೈನ್ ಅಸಮತೆಯೇ ಮೊದಲ ಆಯ್ಕೆ. ಪ್ರತಿ ಪದದಿಂದ ಸರಾಸರಿ ಕಳೆಯಿರಿ. ಯಾವ ಪದದ ನಾರ್ಮೂ ಮೀರದ ಸಂಖ್ಯೆ ಲ ಕಂಡುಹಿಡಿಯಿರಿ. ಆಮೇಲೆ ವ: ಪದ × ಪದ′ ಇವುಗಳ ನಿರೀಕ್ಷೆಗಳ ಮೊತ್ತದ ನಾರ್ಮ್ ಒಂದು, ಪದ′ × ಪದ ಇವುಗಳದ್ದು ಇನ್ನೊಂದು, ಎರಡರಲ್ಲಿ ದೊಡ್ಡದು ವ. ಚೌಕವಲ್ಲದ ಮ್ಯಾಟ್ರಿಕ್ಸ್‌ನಲ್ಲಿ ಒಂದನ್ನೇ ಲೆಕ್ಕ ಹಾಕಿ ಸುಮ್ಮನಾಗುವುದು ಅತಿ ಸಾಮಾನ್ಯ ತಪ್ಪು; 10 × 10,000 ಗಾತ್ರದಲ್ಲಿ ಅವೆರಡರ ನಡುವೆ ಸಾವಿರ ಪಟ್ಟು ಅಂತರ ಇರಬಹುದು. ಕೊನೆಗೆ ನಾರ್ಮ್ ಟ ದಾಟುವ ಸಂಭವನೀಯತೆ (ಮ + ನ) × ಇ^(−(ಟ²/2)/(ವ + ಲಟ/3)) ಮೀರದು.

ಇಲ್ಲಿನ ಲಾಗ್ ಕೆಲವೊಮ್ಮೆ ಪೂರಾ ನಿಜ. 1000 ನಿರ್ದೇಶಾಂಕಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿ, ಆ ಜಾಗದ ಕರ್ಣದಲ್ಲಿ 1000, ಉಳಿದೆಡೆ ಸೊನ್ನೆ ಇಡಿ. ಇಂಥ ಹಲವು ಮ್ಯಾಟ್ರಿಕ್ಸ್‌ಗಳ ಸರಾಸರಿ ಐಡೆಂಟಿಟಿ ಮ್ಯಾಟ್ರಿಕ್ಸ್‌ಗೆ 1/2ರೊಳಗೆ ಬರಲು ಎಷ್ಟು ಸ್ಯಾಂಪಲ್ ಬೇಕು? 99% ಭರವಸೆಗೆ ಬರ್ನ್‌ಸ್ಟೈನ್ ಸುಮಾರು 1,14,000 ಕೇಳುತ್ತದೆ. ಇತ್ತ ಕೆಳಮಿತಿ: ಒಂದು ನಿರ್ದೇಶಾಂಕ ಒಮ್ಮೆಯೂ ಬಾರದಿದ್ದರೂ ದೋಷ 1, ಮತ್ತು ಎಲ್ಲ 1000ವೂ ಬರಲು ಸರಾಸರಿ 7,485 ಸಲ ಎತ್ತಬೇಕು. ಅಲ್ಲಿಗೆ ನ ಲಾಗ್ ನ ತಪ್ಪಿಸಲಾಗದ್ದು. ಉಳಿದ 15 ಪಟ್ಟು ಸ್ಥಿರಾಂಕಗಳದ್ದು ಮತ್ತು 1/2 ಎಂಬ ಬಿಗಿ ಅಳತೆಯದ್ದು.

ಕೋವೇರಿಯನ್ಸ್‌ಗೆ ಎಷ್ಟು ಸ್ಯಾಂಪಲ್

ಡ ಆಯಾಮದ, ನಿಜವಾದ ಕೋವೇರಿಯನ್ಸ್ ಐಡೆಂಟಿಟಿ ಇರುವ ಗಾಸಿಯನ್ ಡೇಟಾದ ಸ ಸ್ಯಾಂಪಲ್ ಇದ್ದರೆ, ಸ್ಯಾಂಪಲ್ ಕೋವೇರಿಯನ್ಸ್‌ನ ಐಗನ್ ಮೌಲ್ಯಗಳು (1 − √(ಡ/ಸ))² ಮತ್ತು (1 + √(ಡ/ಸ))² ನಡುವೆ ಹರಡುತ್ತವೆ. 1967ರ ಮಾರ್ಚೆಂಕೊ–ಪಾಸ್ತುರ್ ನಿಯಮದ ಅಂಚುಗಳೇ ಇವು. ಡ = 200, ಸ = 2000 ಎಂದರೆ 0.47ರಿಂದ 1.73. ಆಯಾಮದ ಹತ್ತು ಪಟ್ಟು ಡೇಟಾ ಕೈಯಲ್ಲಿದ್ದೂ ದೋಷ 73%! ಆ 1.73ನ್ನು ಮುಖ್ಯ ದಿಕ್ಕು ಎಂದುಕೊಂಡು ಅರ್ಥ ಹಚ್ಚುವವರು ಕಡಿಮೆ ಇಲ್ಲ. ದೋಷ 10%ಕ್ಕೆ ಇಳಿಯಬೇಕಾದರೆ √(ಡ/ಸ) 0.0488 ಇರಬೇಕು, ಅಂದರೆ ಸ ≈ 420 ಡ. 200 ಆಯಾಮಕ್ಕೆ 84,000 ಸ್ಯಾಂಪಲ್. ನಿಜವಾದ ಕೋವೇರಿಯನ್ಸ್ ಕೆಲವೇ ದಿಕ್ಕುಗಳಲ್ಲಿ ಕೇಂದ್ರೀಕೃತವಾಗಿದ್ದರೆ ಡ ಬದಲು ಅದರ ಟ್ರೇಸನ್ನು ನಾರ್ಮ್‌ನಿಂದ ಭಾಗಿಸಿದ ಸಂಖ್ಯೆ, ಅಂದರೆ ಪರಿಣಾಮಕಾರಿ ರ್ಯಾಂಕ್, ದೋಷದ ಪ್ರಮಾಣವನ್ನು ನಿರ್ಧರಿಸುತ್ತದೆ. ಆಗ ಇಷ್ಟು ಭಾರ ಬೀಳದು.

ಭಾರಿ ಬಾಲ, ವಿರಳ ಗ್ರಾಫ್

2√ನ ಎಂಬ ನಿಯಮಕ್ಕೆ ಅಂಶಗಳ ನಾಲ್ಕನೆಯ ಮೊಮೆಂಟ್ (ನಾಲ್ಕನೆಯ ಘಾತದ ನಿರೀಕ್ಷೆ) ಸೀಮಿತವಾಗಿರಬೇಕು. 1988ರ ಬಾಯ್–ಯಿನ್ ಫಲಿತಾಂಶಗಳ ಗೆರೆ ಇದೇ. ವೇರಿಯನ್ಸ್ ಇದ್ದರೆ ಸಾಕು ಎಂದುಕೊಂಡು ಮುಗ್ಗರಿಸುವುದು ಇಲ್ಲಿ. ಸ್ವಾತಂತ್ರ್ಯದ ಮಟ್ಟ 3 ಇರುವ ಸ್ಟೂಡೆಂಟ್-ಟಿ ಅಂಶಗಳಿಂದ 1000 × 1000 ತುಂಬಿ. ವೇರಿಯನ್ಸ್ 3, ಹಾಗಾಗಿ ನಿಯಮ 1.73 × 63.2 = 109.5 ಎನ್ನುತ್ತದೆ. ಕೆಳಮಿತಿ ನೋಡಿ: ಈ ವಿತರಣೆಯಲ್ಲಿ ಗಾತ್ರ ಎಕ್ಸ್ ಮೀರುವ ಸಂಭವನೀಯತೆ ಸುಮಾರು 2.2/ಎಕ್ಸ್³, ಅಂಶಗಳು ಹತ್ತು ಲಕ್ಷ, ಆದ್ದರಿಂದ ಅತಿ ದೊಡ್ಡ ಅಂಶದ ಮಧ್ಯಾಂಕವೇ 147. ಒಂದು ಅಂಶ ಒಂಟಿಯಾಗಿ ಇಡೀ ನಿಯಮವನ್ನು ದಾಟಿಬಿಟ್ಟಿತು.

ಪರಿಹಾರ ಕತ್ತರಿಸುವುದು. 30ಕ್ಕಿಂತ ದೊಡ್ಡವನ್ನು ಬೇರೆ ಮ್ಯಾಟ್ರಿಕ್ಸ್‌ಗೆ ತೆಗೆಯಿರಿ. ಸುಮಾರು 82 ಅಂಶಗಳು ಬರುತ್ತವೆ, ಬಹುತೇಕ ಬೇರೆ ಬೇರೆ ಸಾಲುಗಳಲ್ಲಿ. ಒಂದು ಅಡ್ಡಸಾಲು, ಒಂದು ಕಂಬಸಾಲಿಗೆ ಒಂದೇ ಅಂಶ ಇದ್ದರೆ ನಾರ್ಮ್ ಎಂದರೆ ಆ ಅಂಶಗಳಲ್ಲಿ ದೊಡ್ಡದು. ಉಳಿದದ್ದರ ವೇರಿಯನ್ಸ್ 2.78, ನಾರ್ಮ್ ಸುಮಾರು 105. ಎರಡನ್ನೂ ಬೇರೆಯಾಗಿ ಮಿತಿಗೊಳಿಸಿ ಕೂಡಿಸಿ. ವಿತರಣೆ ಎಡಬಲ ಸಮ ಇಲ್ಲದಿದ್ದರೆ ಕತ್ತರಿಸಿದ ಮೇಲೆ ಸರಾಸರಿ ಸರಿಯುತ್ತದೆ. ಮತ್ತೊಮ್ಮೆ ಕಳೆಯದೆ ಬಿಟ್ಟರೆ ಆ ಚಿಕ್ಕ ಸರಾಸರಿ 1000 ಪಟ್ಟಾಗಿ ನಾರ್ಮ್‌ಗೆ ಸೇರಿಕೊಳ್ಳುತ್ತದೆ.

ಯಾದೃಚ್ಛಿಕ ಗ್ರಾಫ್‌ನಲ್ಲೂ ಇದೇ ಕಥೆ. ಸರಾಸರಿ ಡಿಗ್ರಿ (ಒಂದು ಶೃಂಗಕ್ಕೆ ಸೇರಿದ ಅಂಚುಗಳ ಎಣಿಕೆ) ಲಾಗ್ ನಕ್ಕಿಂತ ಬಹಳ ಹೆಚ್ಚಿದ್ದರೆ, ನಿರೀಕ್ಷೆ ಕಳೆದ ಅಡ್ಜಸೆನ್ಸಿ ಮ್ಯಾಟ್ರಿಕ್ಸ್‌ನ (ಎರಡು ಶೃಂಗಗಳ ನಡುವೆ ಅಂಚಿದ್ದರೆ 1, ಇಲ್ಲದಿದ್ದರೆ 0) ನಾರ್ಮ್ ಸರಾಸರಿ ಡಿಗ್ರಿಯ ಮೂಲದ ಎರಡು ಪಟ್ಟು. ಒಂದು ಲಕ್ಷ ಶೃಂಗ, ಸರಾಸರಿ ಡಿಗ್ರಿ 3 ಎಂದಾಗ ಆ ನಿಯಮ 3.46 ಎನ್ನುತ್ತದೆ, ಆದರೆ ಎಲ್ಲೋ ಒಂದು ಶೃಂಗದ ಡಿಗ್ರಿ 13ರ ಹತ್ತಿರ ಇದ್ದೇ ಇರುತ್ತದೆ, ಆ ಸಾಲಿನ ಉದ್ದವೇ 3.6. ನ ಬೆಳೆದಂತೆ ಅಂತರ ಹಿಗ್ಗುತ್ತದೆ. ಡಿಗ್ರಿ ಅತಿಯಾಗಿರುವ ಶೃಂಗಗಳನ್ನು ತೆಗೆದುಹಾಕಿದರೆ ಸರಾಸರಿ ಡಿಗ್ರಿಯ ಮೂಲದ ಪ್ರಮಾಣ ಮರಳಿ ಬರುತ್ತದೆ. ಫೈಗೆ ಮತ್ತು ಓಫೆಕ್ 2005ರಲ್ಲಿ ಇದನ್ನು ಸಾಧಿಸಿದರು.

ಕಂಪ್ಯೂಟರ್‌ನಲ್ಲಿ ತಾಳೆ ನೋಡುವುದು

ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯ ನಾರ್ಮ್ ಫಂಕ್ಷನ್‌ಗೆ 2 ಎಂದು ಹೇಳದಿದ್ದರೆ ಅದು ಫ್ರೊಬೀನಿಯಸ್ ನಾರ್ಮನ್ನೇ ಕೊಡುತ್ತದೆ. 63ರ ಬದಲು 1000 ಕಂಡರೆ ಮೊದಲು ಇದನ್ನು ನೋಡಿ. 2 ಎಂದು ಕೊಟ್ಟರೆ ಪೂರ್ತಿ ಎಸ್‌ವಿಡಿ (ಎಲ್ಲ ಸಿಂಗ್ಯುಲರ್ ಮೌಲ್ಯಗಳ ಲೆಕ್ಕ) ನಡೆಯುತ್ತದೆ, ಕೆಲವು ಸಾವಿರ ಆಯಾಮದವರೆಗೆ ಅಡ್ಡಿಯಿಲ್ಲ. ಅದಕ್ಕಿಂತ ದೊಡ್ಡದಾದರೆ ಪವರ್ ಇಟರೇಷನ್: ಯಾದೃಚ್ಛಿಕ ವೆಕ್ಟರ್‌ನಿಂದ ಶುರುಮಾಡಿ, ಅ ಗುಣಿಸಿ, ಅ′ ಗುಣಿಸಿ, ಉದ್ದ 1ಕ್ಕೆ ತನ್ನಿ, ಪುನಃ ಮಾಡಿ. ಇದರ ಉತ್ತರ ಯಾವಾಗಲೂ ನಿಜ ಬೆಲೆಗಿಂತ ಕೆಳಗೇ ಇರುತ್ತದೆ, ಆದ್ದರಿಂದ ಮೇಲ್ಮಿತಿಗೆ ಪುರಾವೆ ಆಗದು. ರ್ಯಾಂಡಮ್ ಮ್ಯಾಟ್ರಿಕ್ಸ್‌ನಲ್ಲಿ ಅತಿ ದೊಡ್ಡ ಸಿಂಗ್ಯುಲರ್ ಮೌಲ್ಯಗಳು ಒಂದಕ್ಕೊಂದು ಒತ್ತಾಗಿ ಕೂತಿರುವುದರಿಂದ ವೆಕ್ಟರ್ ನೆಲೆಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಬೆಲೆ ಮಾತ್ರ ಬೇಕಿದ್ದರೆ ಅದಕ್ಕೆ ಕಾಯಬೇಕಿಲ್ಲ, ಬೆಲೆ ಬೇಗ ಹತ್ತಿರ ಬರುತ್ತದೆ. ಸೈಪೈಯ ಲ್ಯಾಂಕ್ಸೋಸ್ ಬಗೆಯ ರೂಟೀನ್ ಇದಕ್ಕಿಂತ ಬೇಗ ಮುಗಿಸುತ್ತದೆ.

ಒಂದೇ ಗಾತ್ರದಲ್ಲಿ ಅಳೆದು ತೀರ್ಮಾನಕ್ಕೆ ಬರಬೇಡಿ. ನ = 250, 500, 1000, 2000, 4000 ಎಂದು ಓಡಿಸಿ, ಪ್ರತಿ ಸಲ ನಾರ್ಮನ್ನು √ನದಿಂದ ಭಾಗಿಸಿ. ಚೌಕ ಗಾಸಿಯನ್‌ಗೆ ಅನುಪಾತ 2ರ ಸ್ವಲ್ಪ ಕೆಳಗಿನಿಂದ ಮೆಲ್ಲಗೆ 2ಕ್ಕೆ ಏರಿ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ, ಅದೇ ಓಟಗಳಲ್ಲಿ ಅತಿ ದೊಡ್ಡ ಅಂಶ ಮತ್ತು ಅತಿ ಉದ್ದದ ಸಾಲನ್ನೂ √ನದಿಂದ ಭಾಗಿಸಿ ಬರೆದುಕೊಳ್ಳಿ. ದೊಡ್ಡ ಅಂಶ ಜೊತೆಗೇ ಏರುತ್ತಿದ್ದರೆ ಭಾರಿ ಬಾಲ, ಕತ್ತರಿಸಿ. ಸಾಲು ಮಾತ್ರ ಏರುತ್ತಿದ್ದರೆ ವೇರಿಯನ್ಸ್ ಕೆಲವೇ ಸಾಲುಗಳಲ್ಲಿ ಗುಡ್ಡೆಬಿದ್ದಿದೆ, ಸಿಗ್ಮಾವನ್ನು ಆ ಸಾಲುಗಳಿಂದಲೇ ಮತ್ತೆ ಲೆಕ್ಕ ಹಾಕಿ. ಎರಡೂ ಏರದೆ ಅನುಪಾತ √ನದಂತೆ ಏರಿದರೆ ಸರಾಸರಿ ಎಲ್ಲೋ ಉಳಿದಿದೆ.